ಬೀದರಿನ ಸೆಪ್ಟೆಂಬರ್: ದಂಡು ಬಂದ ಮೇಲಿನ ದಿನಗಳು



ಪ್ರತಿವರ್ಷ ಸೆಪ್ಟೆಂಬರ್ 17ರ ಬೆಳಿಗ್ಗೆ ಬೀದರ, ಭಾಲ್ಕಿ, ಔರಾದಗಳಲ್ಲಿ ತ್ರಿವರ್ಣ ಧ್ವಜ ಏರುತ್ತದೆ. ದೇಶದ ಬೇರೆ ಮಕ್ಕಳಿಗೆ ಸ್ವಾತಂತ್ರ್ಯದ ದಿನ ಒಂದಾದರೆ ನಮ್ಮ ಭಾಗದ ಮಕ್ಕಳಿಗೆ ಎರಡು. ಅಂದು ಮಿಠಾಯಿ ತಿಂದು ಮನೆಗೆ ಬಂದ ಮಗು, "ಅಜ್ಜಾ, ಈ ದಿನ ಏನಾಯ್ತು?" ಎಂದು ಕೇಳಿದರೆ ನಾವು ಏನು ಹೇಳುತ್ತೇವೆ? "ದಂಡು ಬಂತು, ರಜಾಕಾರರು ಓಡಿಹೋದರು, ನಾವು ಸ್ವತಂತ್ರರಾದೆವು" ಎನ್ನುತ್ತೇವೆ. ಹೇಳಿದ್ದು ಸುಳ್ಳಲ್ಲ. ಆದರೆ ಕಥೆ ಅಲ್ಲಿಗೆ ಮುಗಿಯುವುದಿಲ್ಲ. ಒಂದು ಆಡಳಿತ ಬಿದ್ದು ಇನ್ನೊಂದು ಕಾಲೂರುವವರೆಗಿನ ದಿನಗಳಲ್ಲಿ ಬಡವನ ಬಾಗಿಲನ್ನು ಕಾಯುವವರು ಯಾರು? ಈ ಪ್ರಶ್ನೆಯನ್ನು ನಮ್ಮ ಜಿಲ್ಲೆಯಷ್ಟು ನೋವಿನಿಂದ ಕೇಳಿಕೊಂಡ ಜಿಲ್ಲೆಗಳು ಕಡಿಮೆ.

ಈ ನೆಲ ಕೈ ಬದಲಾಯಿಸಿದ್ದು ಅದೇ ಮೊದಲೂ ಅಲ್ಲ. ಬಹಮನಿ ಸುಲ್ತಾನರ, ಬರೀದಶಾಹಿಗಳ ರಾಜಧಾನಿಯಾಗಿದ್ದ ಬೀದರ ಬಿಜಾಪುರದ ಆದಿಲಶಾಹಿಗಳಿಗೆ ಸೇರಿತು. 1657ರಲ್ಲಿ ಔರಂಗಜೇಬನ ವಶವಾಯಿತು. 18ನೆಯ ಶತಮಾನದಲ್ಲಿ ನಿಜಾಮರದಾಯಿತು. ನಮ್ಮ ಪಕ್ಕದ ನಳದುರ್ಗ ಸೀಮೆಯನ್ನು 1853ರಲ್ಲಿ ಸಾಲದ ಲೆಕ್ಕದಲ್ಲಿ ಬ್ರಿಟಿಷರು ನಿಜಾಮರಿಂದ ವಹಿಸಿಕೊಂಡರು. ಸುರಪುರದಲ್ಲಿ 'ಮಹಾದೇವ ಬಾಬಾ' ಎಂದು ಜನ ಕರೆದಿದ್ದ ಮೆಡೋಸ್ ಟೇಲರ್ ಅಲ್ಲಿ ಅಧಿಕಾರಿಯಾದರು. 1860ರಲ್ಲಿ ಆ ಸೀಮೆ ಮತ್ತೆ ನಿಜಾಮರಿಗೆ ಮರಳಿತು. ಒಪ್ಪಂದ ಮಾಡಿಕೊಂಡವರು ದೊರೆಗಳು. ಹೊಸ ಅಧಿಕಾರಿಯ ಮುಂದೆ ಕೈಮುಗಿದು ನಿಂತವರು ಮಾತ್ರ ಪ್ರತಿಸಲವೂ ಅದೇ ಹಳ್ಳಿಯ ಜನ.

ಬಿದ್ದುಹೋದ ಬೇಲಿ

1947ರ ಆಗಸ್ಟ್ 15ರಂದು ಹೈದರಾಬಾದು ಸಂಸ್ಥಾನ ಭಾರತಕ್ಕೆ ಸೇರಲಿಲ್ಲ. ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ನವೆಂಬರ್ 29ರಂದು ಒಂದು ವರ್ಷದ ಯಥಾಸ್ಥಿತಿ ಒಪ್ಪಂದಕ್ಕೆ ಸಹಿ ಹಾಕಿದರು. ಸಂಸ್ಥಾನದ ದೊಡ್ಡ ಪಾಲು ಜಹಗೀರು, ಪಾಯಗಾಗಳಲ್ಲಿ ಹಂಚಿಹೋಗಿತ್ತು. ಹಳ್ಳಿಯಲ್ಲಿ ಪೊಲೀಸ್ ಪಾಟೀಲ, ಮಾಲಿ ಪಾಟೀಲ, ಪಟವಾರಿ. ಮೇಲೆ ತಹಸೀಲ್ದಾರ, ಅವರ ಮೇಲೆ ತಾಲೂಕ್ದಾರ. ಕಚೇರಿಯ ಭಾಷೆ ಉರ್ದು. ಕನ್ನಡ, ಮರಾಠಿ ಆಡುವ ರೈತನಿಗೆ ತನ್ನ ಫಿರ್ಯಾದಿಯಲ್ಲಿ ಏನು ಬರೆದಿದೆ ಎಂಬುದೇ ತಿಳಿಯದು.

ಇಂಥ ಹೊತ್ತಿನಲ್ಲಿ ಲಾತೂರಿನ ವಕೀಲ ಕಾಸಿಂ ರಜವಿಯ ರಜಾಕಾರರು ಹಳ್ಳಿಗಳಿಗೆ ನುಗ್ಗಿದರು. ಲೂಟಿ, ಬೆಂಕಿ, ಕೊಲೆ ನಡೆದವು. ಸರಕಾರ ಅವರನ್ನು ತಡೆಯಲಿಲ್ಲ. 1948ರ ಮೇ ತಿಂಗಳಲ್ಲಿ ನಮ್ಮ ಜಿಲ್ಲೆಯ ಗೋರಟಾ ಗ್ರಾಮದಲ್ಲಿ ನಡೆದ ಹತ್ಯಾಕಾಂಡವನ್ನು ಜನ ಇಂದಿಗೂ ಮರೆತಿಲ್ಲ. ಸತ್ತವರು ಇನ್ನೂರಕ್ಕೂ ಹೆಚ್ಚು ಎಂದು ಊರು ನೆನೆಯುತ್ತದೆ. 2023ರಲ್ಲಿ ಅಲ್ಲಿ ಹುತಾತ್ಮರ ಸ್ಮಾರಕ ಉದ್ಘಾಟನೆಯಾಯಿತು.

ರಜಾಕಾರರನ್ನು ವಿರೋಧಿಸಿದ ಮುಸ್ಲಿಮರೂ ಇದ್ದರು ಎಂಬುದನ್ನು ನಾವು ಮರೆಯಬಾರದು. 'ಇಮ್ರೋಜ್' ಪತ್ರಿಕೆಯ ಯುವ ಸಂಪಾದಕ ಶೋಯೆಬುಲ್ಲಾ ಖಾನ್ ಸಂಸ್ಥಾನ ಭಾರತದೊಡನೆ ಸೇರಬೇಕೆಂದು ಬರೆದರು. 1948ರ ಆಗಸ್ಟಿನಲ್ಲಿ ಹೈದರಾಬಾದಿನ ಬೀದಿಯಲ್ಲೇ ಅವರನ್ನು ಕೊಂದರು.

ಐದು ದಿನಗಳು, ಮತ್ತು ಆಮೇಲೆ

ಸೆಪ್ಟೆಂಬರ್ 13ರಂದು ಭಾರತದ ಸೈನ್ಯ ಸೊಲ್ಲಾಪುರದ ಕಡೆಯಿಂದ ಹೊರಟಿತು. ನಳದುರ್ಗ ದಾಟಿ, ನಮ್ಮ ರಾಜೇಶ್ವರ, ಹುಮನಾಬಾದಿನ ರಸ್ತೆ ಹಿಡಿದು ಮುಂದೆ ಸಾಗಿತು. 17ರಂದು ಬೀದರಿಗೂ ಸೈನ್ಯ ಬಂತು. ಅಂದೇ ಸಂಜೆ ನಿಜಾಮರು ಕದನವಿರಾಮ ಸಾರಿದರು. ಮರುದಿನ ಅವರ ಸೇನಾಪತಿ ಎಲ್ ಎದ್ರೂಸ್ ಮೇಜರ್ ಜನರಲ್ ಜೆ.ಎನ್. ಚೌಧರಿಯವರಿಗೆ ಶರಣಾದರು. ಚೌಧರಿಯವರೇ ಸೇನಾ ರಾಜ್ಯಪಾಲರಾದರು. ಸರಕಾರ ಇದನ್ನು ಯುದ್ಧ ಎನ್ನದೆ 'ಪೊಲೀಸ್ ಕಾರ್ಯಾಚರಣೆ' ಎಂದು ಕರೆಯಿತು. ಅಂದರೆ ಕಾನೂನು ಸುವ್ಯವಸ್ಥೆಯನ್ನು ಮರಳಿ ತರುವ ಕೆಲಸ.

ಆದರೆ ಪ್ರಿಯರೇ, ಸುವ್ಯವಸ್ಥೆ ಲಾರಿಯಲ್ಲಿ ಕುಳಿತು ಬರುವುದಿಲ್ಲ. ಹಳೆಯ ಅಧಿಕಾರಿಗಳಲ್ಲಿ ಕೆಲವರು ಓಡಿಹೋದರು, ಕೆಲವರು ಸೆರೆಯಾದರು, ಉಳಿದವರ ಮಾತು ನಡೆಯದಾಯಿತು. ಮುಂಬಯಿ, ಮದ್ರಾಸು, ಮಧ್ಯಪ್ರಾಂತಗಳಿಂದ ಬಂದ ಹೊಸ ಅಧಿಕಾರಿಗಳಿಗೆ ಊರಿನ ಗುರುತಿಲ್ಲ. ಈ ಸಂದಿನಲ್ಲಿ ಸೇಡು ಹೆಡೆಯೆತ್ತಿತು. ರಜಾಕಾರನ ಪಾಪಕ್ಕೆ ಅವನ ಮುಖವನ್ನೂ ಕಂಡಿರದ ನೇಕಾರ, ಕೂಲಿಕಾರ, ಅವನ ಹೆಂಡತಿ ಮಕ್ಕಳು ಬೆಲೆ ತೆತ್ತರು. ಮುಸ್ಲಿಮರ ಮನೆಗಳು ಸುಟ್ಟವು. ಗಂಡಸರನ್ನು ಕೊಂದರು, ಹೆಂಗಸರನ್ನು ಹೊತ್ತೊಯ್ದರು.

ಸುದ್ದಿ ದಿಲ್ಲಿಗೆ ಮುಟ್ಟಿತು. ಪ್ರಧಾನಿ ನೆಹರೂ ಅವರ ಕೋರಿಕೆಯ ಮೇರೆಗೆ ಪಂಡಿತ ಸುಂದರಲಾಲ್, ಕಾಜಿ ಅಬ್ದುಲ್ ಗಫಾರ್ ಮೊದಲಾದವರ ತಂಡ 1948ರ ನವೆಂಬರ್ ಕೊನೆಯಿಂದ ಡಿಸೆಂಬರ್ 21ರವರೆಗೆ ಸಂಸ್ಥಾನದಲ್ಲಿ ಸುತ್ತಾಡಿ, 16 ಜಿಲ್ಲೆಗಳ ಪೈಕಿ 9ನ್ನು ಕಂಡಿತು. ಕಾರ್ಯಾಚರಣೆಯ ಸಮಯದಲ್ಲಿ ಮತ್ತು ಆನಂತರ ಸತ್ತವರು 27,000ದಿಂದ 40,000 ಇರಬಹುದೆಂದು ಅದು ಅಂದಾಜು ಮಾಡಿತು. ಅತಿ ಹೆಚ್ಚು ನೊಂದ ನಾಲ್ಕು ಜಿಲ್ಲೆಗಳು ಉಸ್ಮಾನಾಬಾದ್, ಗುಲ್ಬರ್ಗ, ಬೀದರ ಮತ್ತು ನಾಂದೇಡ. ಈ ನಾಲ್ಕರಲ್ಲೇ ಸುಮಾರು 18,000 ಜನ. ಕೆಲವು ಕಡೆ ಸೈನಿಕರು, ಪೊಲೀಸರೇ ಲೂಟಿಗೆ ಕುಮ್ಮಕ್ಕು ಕೊಟ್ಟರೆಂದೂ ಆ ವರದಿ ಹೇಳಿತು. ಶಿಸ್ತಿನಿಂದ ನಡೆದು ಜನರನ್ನು ಕಾಪಾಡಿದ ಅಧಿಕಾರಿಗಳನ್ನೂ ಅದು ನೆನೆಯಿತು. ವರದಿಯನ್ನು ಸರಕಾರ ಪ್ರಕಟಿಸಲಿಲ್ಲ. 2013ರ ಹೊತ್ತಿಗೆ ದಿಲ್ಲಿಯ ನೆಹರೂ ಸ್ಮಾರಕ ಗ್ರಂಥಾಲಯದಲ್ಲಿ ಅದು ಓದುಗರ ಕೈಗೆ ಸಿಕ್ಕಿತು. ಅರವತ್ತೈದು ವರ್ಷ ಒಂದು ಜಿಲ್ಲೆಯ ಕಣ್ಣೀರು ಕಡತದೊಳಗಿತ್ತು.

ಅದೇ ವರದಿಯಲ್ಲಿ ಇನ್ನೊಂದು ಸಂಗತಿಯಿದೆ. ಕೆಲವು ಊರುಗಳಲ್ಲಿ ಹಿಂದೂ ನೇಕಾರರು ಮುಸ್ಲಿಂ ನೇಕಾರರ ಮನೆಗಳಿಗೆ ಅಡ್ಡ ನಿಂತರು. ಅದಕ್ಕಾಗಿ ಪ್ರಾಣವನ್ನೂ ಕಳೆದುಕೊಂಡರು. ಅಪಹೃತ ಹೆಂಗಸರನ್ನು ಹುಡುಕಿ ಮನೆಗೆ ಮುಟ್ಟಿಸಲು ನೆರವಾದ ಹಿಂದೂಗಳು ಅನೇಕರು. ಠಾಣೆ ಇಲ್ಲದ ದಿನ, ಸರಕಾರ ಇಲ್ಲದ ದಿನ, ಒಂದೇ ಕಸುಬಿನ ಒಡನಾಟ ಕಾನೂನಿನ ಕೆಲಸ ಮಾಡಿತು. ಇವರ ಹೆಸರುಗಳಲ್ಲಿ ಯಾವ ಸ್ಮಾರಕವನ್ನು ನಾವು ಕಟ್ಟಿದ್ದೇವೆ?

ಕಾನೂನು ಬಂದದ್ದು ಹೇಗೆ?

ನಿಧಾನವಾಗಿ ಬಂತು. 1949ರಲ್ಲಿ ಜಹಗೀರುಗಳು ರದ್ದಾದವು. ಎಲ್ಲ ಹಳ್ಳಿಗಳೂ ಒಂದೇ ಆಡಳಿತದ ಕೆಳಗೆ ಬಂದವು. ಆ ವರ್ಷದ ಕೊನೆಗೆ ಸೇನಾ ಆಡಳಿತ ಮುಗಿದು ಎಂ.ಕೆ. ವೆಲ್ಲೋಡಿಯವರ ನಾಗರಿಕ ಸರಕಾರ ಬಂತು. 1950ರ ಜನವರಿ 26ರಂದು ಸಂವಿಧಾನ ಬಂತು. 1952ರ ಚುನಾವಣೆಯಲ್ಲಿ ಗೆದ್ದು ಬೂರ್ಗುಲ ರಾಮಕೃಷ್ಣರಾವ್ ಮುಖ್ಯಮಂತ್ರಿಯಾದರು. ಕಾಸಿಂ ರಜವಿಯನ್ನು ಗುಂಪೊಂದು ಹೊಡೆದು ಕೊಲ್ಲಲಿಲ್ಲ. ನ್ಯಾಯಾಲಯ ವಿಚಾರಿಸಿ ಶಿಕ್ಷೆ ಕೊಟ್ಟಿತು. 1957ರಲ್ಲಿ ಬಿಡುಗಡೆಯಾಗಿ ಆತ ಪಾಕಿಸ್ತಾನಕ್ಕೆ ಹೋದ. ಗುಂಪಿನ ಸೇಡಿಗೂ ನ್ಯಾಯಕ್ಕೂ ಇರುವ ಅಂತರ ಇದೇ.

1956ರ ನವೆಂಬರ್ 1ರಂದು ಜಿಲ್ಲೆಯೇ ಹಂಚಿಹೋಯಿತು. ಉದಗೀರ, ನಿಲಂಗಾ, ಅಹಮದಪುರಗಳು ಮುಂಬಯಿಗೆ, ಜಹೀರಾಬಾದು, ನಾರಾಯಣಖೇಡಗಳು ಆಂಧ್ರಕ್ಕೆ. ಬೀದರ, ಭಾಲ್ಕಿ, ಔರಾದ, ಹುಮನಾಬಾದುಗಳು ಮೈಸೂರಿಗೆ. ಭಾಲ್ಕಿಯ ಡಾ. ಚನ್ನಬಸವ ಪಟ್ಟದ್ದೇವರು ನಿಜಾಮರ ಕಾಲದಲ್ಲೇ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದ ಕಥೆ ನಮಗೆಲ್ಲ ಗೊತ್ತು. ಆಗ ಔರಾದ ತಾಲೂಕಿನಲ್ಲಿದ್ದ ಕಮಲನಗರ ಅವರ ಹುಟ್ಟೂರು. ಅವರ ಶಾಲೆಯಲ್ಲಿ ಕಲಿತ ಮಗುವಿಗೆ ಮುಂದೆ ತನ್ನ ಫಿರ್ಯಾದಿಯನ್ನು ತಾನೇ ಓದಿಕೊಳ್ಳುವ ಬಲ ಬಂತು. ಜನರಿಗೆ ತಿಳಿಯುವ ಭಾಷೆಯಲ್ಲಿ ಮಾತಾಡಿದಾಗಲೇ ಕಾನೂನು ಜನರದಾಗುತ್ತದೆ.

ಪ್ರಿಯರೇ, ಗೋರಟಾದ ಗೋರಿಗಳಿಗೂ, ಸೆಪ್ಟೆಂಬರಿನ ನಂತರ ಹೆಸರಿಲ್ಲದೆ ಮಣ್ಣಾದವರಿಗೂ ನಾವು ಬೇರೆ ಬೇರೆ ಕಣ್ಣೀರು ಸುರಿಸಬೇಕಾಗಿಲ್ಲ. ಒಂದರ ನೋವನ್ನು ಹೇಳಿದರೆ ಇನ್ನೊಂದು ಚಿಕ್ಕದಾಗುವುದಿಲ್ಲ. ಬೀದಿಯ ಕೊನೆಯಲ್ಲಿ ಗದ್ದಲ ಕೇಳಿದ ರಾತ್ರಿ ಪಕ್ಕದ ಮನೆಯವರಿಗೆ ಬಾಗಿಲು ತೆರೆಯುವ ಕುಟುಂಬ ನಮ್ಮದಾಗಿದೆಯೇ ಎಂದು ಕೇಳಿಕೊಳ್ಳೋಣ. ಮುಂದಿನ ಸೆಪ್ಟೆಂಬರ್ 17ರಂದು ಮಕ್ಕಳು ಕೇಳಿದಾಗ ದಂಡಿನ ಕಥೆಯ ಜೊತೆ ಆ ನೇಕಾರರ ಕಥೆಯನ್ನೂ ಹೇಳೋಣ.