ಕೈಗೆ ತಿಳಿಯುವ ಉಪಕರಣ

ಮನುಷ್ಯನು ತನ್ನ ಶ್ರಮವನ್ನು ಕಡಿಮೆ ಮಾಡಿಕೊಳ್ಳಲೆಂದೇ ಉಪಕರಣಗಳನ್ನು ಕಂಡುಹಿಡಿದನೆಂದು ನಾವೆಲ್ಲ ಶಾಲೆಯ ಪುಸ್ತಕಗಳಲ್ಲಿ ಓದಿದ್ದೇವೆ. ಮಾತು ಸುಳ್ಳಲ್ಲ, ಪೂರ್ತಿ ನಿಜವೂ ಅಲ್ಲ. ಸುಲಭವಾದ ಹೊಸ ಉಪಕರಣ ಕೈಗೆಟಕುವಂತಿರುವಾಗಲೂ ಕಷ್ಟದ ಹಳೆಯದನ್ನೇ ಹಿಡಿದುಕೊಂಡಿರುವ ಜನ ಎಲ್ಲ ಕಾಲದಲ್ಲೂ ಇದ್ದಾರೆ. ಅವರನ್ನು ಹಟಮಾರಿಗಳೆಂದು ತಳ್ಳಿಹಾಕುವುದು ಬಹಳ ಹಗುರವಾದ ಕೆಲಸ. ಅವರೇಕೆ ಹಾಗೆ ಮಾಡುತ್ತಾರೆಂದು ವಿಚಾರಿಸುವುದು ಇತಿಹಾಸದ ಕೆಲಸ. ಸಿಂಧನೂರು, ಮಸ್ಕಿ, ಲಿಂಗಸುಗೂರು ಎಂಬ, ರಾಯಚೂರು ಜಿಲ್ಲೆಯ ಒಂದೇ ಹೆದ್ದಾರಿಯ ಮೇಲಿರುವ ಮೂರು ಊರುಗಳ ನೆಲವನ್ನು ಕಣ್ಣ ಮುಂದಿಟ್ಟುಕೊಂಡು ನಾನು ಈ ಪ್ರಶ್ನೆಯನ್ನು ಎತ್ತಬೇಕೆಂದಿದ್ದೇನೆ. ಆದರೆ ಪ್ರಶ್ನೆ ನನಗೆ ಸ್ಪಷ್ಟವಾದದ್ದು ಈ ನೆಲಕ್ಕೆ ಬಹುದೂರದ ಒಂದು ಆಟದ ಕಥೆಯಿಂದ. ಮೊದಲು ಅದನ್ನು ಹೇಳಿಬಿಡುತ್ತೇನೆ.

ಆ ಆಟ ಗಾಲ್ಫ್. ನಮ್ಮ ದೇಶಕ್ಕೆ ಅದು ಇಂಗ್ಲಿಷರ ಜೊತೆ ಬಂತು. ಕಲ್ಕತ್ತೆಯ ಕ್ಲಬ್ಬು 1829ರದು, ಬೆಂಗಳೂರಿನದು 1876ರದು. ಆ ದಿನಗಳ ಗಾಲ್ಫ್ ಕೋಲಿನ ಕಾವು ಮರದ್ದೇ. ಹಿಕರಿ ಎಂಬ ಅಮೆರಿಕದ ಮರ ಅದಕ್ಕೆ ಪ್ರಸಿದ್ಧವಾಯಿತು. ಮರವಾದ್ದರಿಂದ ಹೊಡೆತದ ರಭಸಕ್ಕೆ ಅದು ಬಾಗುತ್ತದೆ, ತಿರುಚಿಕೊಳ್ಳುತ್ತದೆ; ಒಂದು ಕೋಲಿನ ಗುಣ ಇನ್ನೊಂದಕ್ಕಿಲ್ಲ. 1929ರಲ್ಲಿ ಸ್ಕಾಟ್ಲೆಂಡಿನ ಸೇಂಟ್ ಆಂಡ್ರೂಸ್‌ನಲ್ಲಿರುವ, ಆಟದ ನಿಯಮಗಳನ್ನು ನಿರ್ಧರಿಸುವ ಸಂಸ್ಥೆ ಉಕ್ಕಿನ ಕಾವಿಗೆ ಒಪ್ಪಿಗೆ ಕೊಟ್ಟಿತು. ಮರುವರ್ಷ, 1930ರಲ್ಲಿ, ಬಾಬಿ ಜೋನ್ಸ್ ಎಂಬ ಅಮೆರಿಕದ ಆಟಗಾರ ಒಂದೇ ವರ್ಷದಲ್ಲಿ ನಾಲ್ಕು ಮಹಾಪಂದ್ಯಗಳನ್ನು ಗೆದ್ದು ಚರಿತ್ರೆ ನಿರ್ಮಿಸಿದ. ಆತನ ಕೈಯಲ್ಲಿದ್ದದ್ದು ಹಳೆಯ ಹಿಕರಿಯ ಕೋಲುಗಳೇ! ಮುಂದೆ 1960ರ ದಶಕದಲ್ಲಿ ಕಾರ್ಸ್ಟನ್ ಸೋಲ್‌ಹೈಮ್ ಎಂಬ ಎಂಜಿನಿಯರು ಕಬ್ಬಿಣದ ಕೋಲಿನ ತಲೆಯ ತೂಕವನ್ನು ಅಂಚಿನ ಕಡೆಗೆ ಸರಿಸಿದ. ಚೆಂಡು ಸರಿಯಾಗಿ ನಡುವಿಗೆ ತಾಗದಿದ್ದರೂ ಬಹುಮಟ್ಟಿಗೆ ನೇರವಾಗಿಯೇ ಹೋಗತೊಡಗಿತು. 1979ರ ಸುಮಾರಿಗೆ ಬಂದ ಉಕ್ಕಿನ ಟೊಳ್ಳುತಲೆಯ ಕೋಲು ಒಂದೆರಡು ದಶಕಗಳಲ್ಲಿ ಪರ್ಸಿಮನ್ ಮರದ ತಲೆಯನ್ನು ಮೂಲೆಗೆ ತಳ್ಳಿತು.

ಇಷ್ಟೆಲ್ಲ ಅನುಕೂಲ ಬಂದ ಮೇಲೆ ಹಳೆಯ ಕೋಲು ಅಳಿಯಬೇಕಾಗಿತ್ತಲ್ಲವೆ? ಅಳಿಯಲಿಲ್ಲ. ಹಿಕರಿಯ ಕೋಲಿನಿಂದಲೇ ಆಡುವ ಸ್ಪರ್ಧೆಗಳು ಇಂದಿಗೂ ನಡೆಯುತ್ತವೆ. ತೆಳು ಅಲಗಿನ, ಹೊಡೆಯಲು ಕಠಿಣವಾದ ಹಳೆಯ ಮಾದರಿಯ ಕಬ್ಬಿಣದ ಕೋಲುಗಳನ್ನು ಬಿಡಲೊಲ್ಲದ ಆಟಗಾರರು ಎಲ್ಲ ದೇಶಗಳಲ್ಲೂ ಉಂಟು. ಅವರು ಕೊಡುವ ಕಾರಣ ಒಂದೇ: ಹೊಸ ಕೋಲು ತಪ್ಪನ್ನು ಕ್ಷಮಿಸುತ್ತದೆ, ಹಳೆಯದು ತಪ್ಪನ್ನು ತಿಳಿಸುತ್ತದೆ. ಹೊಡೆತ ಕೂದಲೆಳೆಯಷ್ಟು ತಪ್ಪಿದರೂ ಅದರ ಅದುರು ಬೆರಳುಗಳಿಗೆ ಬಂದು ಮುಟ್ಟುತ್ತದೆ. ಸರಿಯಾಗಿ ಬಿದ್ದಾಗಿನ ಸುಖವೂ ಅಷ್ಟೇ ಖಚಿತವಾಗಿ ಕೈಗೆ ತಿಳಿಯುತ್ತದೆ. ಕಷ್ಟದ ಉಪಕರಣ ಕೈಯೊಡನೆ ಮಾತನಾಡುತ್ತದೆ ಎನ್ನೋಣ.

ಇನ್ನು ನಮ್ಮ ಕಡೆಗೆ ಬರೋಣ. ಸಿಂಧನೂರು, ಲಿಂಗಸುಗೂರಿನ ಎರೆಹೊಲದ ರೈತನಿಗೆ ಗಾಲ್ಫಿನಿಂದ ಆಗಬೇಕಾದದ್ದೇನೂ ಇಲ್ಲ. ಆದರೂ ಗಾಲ್ಫಿನವರು ಆಡಿದ ಮಾತನ್ನೇ ಆತನೂ ಆಡುವುದನ್ನು ನಾನು ಕೇಳಿದ್ದೇನೆ; ಆತ ಆಡಿದ್ದು ಕೂರಿಗೆಯ ವಿಷಯದಲ್ಲಿ.

ಪಟ್ಟಣದ ಓದುಗರಲ್ಲಿ ಕೂರಿಗೆಯನ್ನು ಹತ್ತಿರದಿಂದ ಕಾಣದವರೂ ಇರಬಹುದು. ಗಟ್ಟಿ ಮರದ ಒಂದು ದಪ್ಪ ದಿಂಡು. ದಿಂಡಿಗೆ ಕೂರಿಸಿದ ಮೂರೋ ನಾಲ್ಕೋ ಹಲ್ಲುಗಳು. ಅವುಗಳ ತುದಿಗೆ ಕಬ್ಬಿಣ. ಒಂದೊಂದು ಹಲ್ಲಿನಿಂದಲೂ ಮೇಲಕ್ಕೆ ಬಂದ ಬಿದಿರಿನ ಕೊಳವೆಗಳು ಒಂದು ಮರದ ಬಟ್ಟಲಿನ ತಳದಲ್ಲಿ ಕೂಡುತ್ತವೆ. ಮುಂದೆ ನೊಗ ಹೊತ್ತ ಜೋಡೆತ್ತು. ಹಿಂದೆ, ಉಡಿಯಲ್ಲಿ ಬೀಜ ಕಟ್ಟಿಕೊಂಡು ಬಟ್ಟಲಿಗೆ ಕೈಯಿಟ್ಟು ನಡೆಯುವ ಹೆಂಗಸು. ರಚನೆ ಇಷ್ಟೆ. ಆದರೆ ಬಿತ್ತನೆಯ ಭಾರವೆಲ್ಲ ಆ ಮುಷ್ಟಿಯ ಮೇಲೆ. ಮುಷ್ಟಿ ಬಿಗಿಯಾದರೆ ಸಾಲಿನಲ್ಲಿ ತೆರಪು ಬೀಳುತ್ತದೆ. ಸಡಿಲಾದರೆ ಪೈರು ಒತ್ತಾಗಿ ಒಂದರ ನೀರನ್ನು ಇನ್ನೊಂದು ಕುಡಿಯುತ್ತದೆ. ಎಲ್ಲ ತೂತುಗಳಿಗೂ ಬೀಜ ಸಮನಾಗಿ ಇಳಿಯಬೇಕು, ಎತ್ತಿನ ಹೆಜ್ಜೆ ತ್ವರೆಯಾದರೆ ಕೈಯೂ ತ್ವರೆಯಾಗಬೇಕು. ಕೂರಿಗೆ ಹಿಡಿದವನಾದರೋ, ಹಸಿ ಎಷ್ಟು ಆಳದಲ್ಲಿದೆಯೆಂದು ಅಂಗೈಯ ಒತ್ತಿನಿಂದಲೇ ಅರಿತು ಹಲ್ಲನ್ನು ಅಲ್ಲಿಗೆ ಇಳಿಸಬೇಕು. ಹಿಂಗಾರಿಯ ಜೋಳ ಮಳೆ ನಿಂತ ಮೇಲೆ ನೆಲದೊಳಗಿನ ಹಸಿಯನ್ನೇ ನಂಬಿ ಬೆಳೆಯುವ ಪೈರು. ಮೇಲೆ ಬಿದ್ದ ಬೀಜ ಒಣಗುತ್ತದೆ, ಹೆಚ್ಚು ಆಳಕ್ಕೆ ಬಿದ್ದದ್ದು ಮೊಳೆತು ಮೇಲೇರಲಾರದು.

ತಪ್ಪು ಮಾಡಿದರೆ ಮುಚ್ಚಿಡುವಂತೆಯೂ ಇಲ್ಲ. ಕೆಲವೇ ದಿನಗಳಲ್ಲಿ ಮೊಳಕೆ ಮೇಲೆದ್ದು, ದಾರಿಯಲ್ಲಿ ಹೋಗುವವರಿಗೆಲ್ಲ ಬಿತ್ತಿದವರ ಕೈಯ ಗುಣವನ್ನು ಸಾಲುಸಾಲಾಗಿ ಓದಿ ಹೇಳುತ್ತದೆ. ಸಾಲು ಡೊಂಕಾಗಿದ್ದರೆ ಮುಂದೆ ಕಳೆ ತೆಗೆಯಲು ಎಡೆಕುಂಟೆ ಹೊಡೆದಾಗ ಅದರ ಅಲಗು ಪೈರನ್ನೇ ಕತ್ತರಿಸುತ್ತದೆ. ಜೋಳದ ನಡುವೆ ಅಕ್ಕಡಿಯಾಗಿ ತೊಗರಿ ಹಾಕುವುದಿದ್ದರೆ ಹಗ್ಗ ಕಟ್ಟಿದ ಒಂಟಿ ಕೊಳವೆಯೊಂದನ್ನು ಹಿಡಿದು ಇನ್ನೊಬ್ಬರು ಹಿಂದೆ ನಡೆಯಬೇಕು. ಇಷ್ಟು ನಿಷ್ಠುರವಾದ ಉಪಕರಣಕ್ಕೆ ನಮ್ಮವರು ಸೀರೆ ಉಡಿಸಿ, ಅರಿಷಿನ ಕುಂಕುಮ ಹಚ್ಚಿ, ಎಡೆ ಹಿಡಿದು ಪೂಜೆ ಮಾಡಿಯೇ ಹೊಲಕ್ಕೆ ಒಯ್ಯುತ್ತಿದ್ದರೆಂಬುದರಲ್ಲಿ ಆಶ್ಚರ್ಯವಿಲ್ಲ.

ಈ ಕೂರಿಗೆಯ ಹಿರಿಮೆಯನ್ನು ಮೊದಲು ಬರೆದಿಟ್ಟ ಹೊರಗಿನವರು ಅದನ್ನು ಕಂಡು ಬೆರಗಾದರು. ಇಂಗ್ಲೆಂಡಿನಲ್ಲಿ ಜೆತ್ರೊ ಟಲ್ 1701ರಲ್ಲಿ ಬಿತ್ತನೆಯ ಯಂತ್ರ ಮಾಡಿದನೆಂದು ಅಲ್ಲಿಯ ಚರಿತ್ರೆ ಹೆಮ್ಮೆಪಡುತ್ತದೆ. ಅದೇ ಶತಮಾನದ ಕೊನೆಯ ದಶಕದಲ್ಲಿ ಆಂಧ್ರದ ಗುಂಟೂರು ಸೀಮೆಯಲ್ಲಿದ್ದ ಹಾಲ್ಕಾಟ್ ಎಂಬ ಸೇನಾಧಿಕಾರಿ, ಸಾಲುಬಿತ್ತನೆ ಯುರೋಪಿನ ಹೊಸ ಶೋಧವೆಂದು ತಾನು ತಿಳಿದಿದ್ದೆನೆಂದೂ, ಇಲ್ಲಿಯ ಹೊಲದಲ್ಲಿ ಅದು ಬಹುಕಾಲದಿಂದ ನಡೆದುಬಂದಿರುವುದನ್ನು ಕಂಡೆನೆಂದೂ ಇಂಗ್ಲೆಂಡಿಗೆ ಬರೆದ. ಟಿಪ್ಪುವಿನ ಪತನದ ನಂತರ 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಫ್ರಾನ್ಸಿಸ್ ಬುಕಾನನ್ ಕೂರಿಗೆಯನ್ನು ಅದರ ಕನ್ನಡ ಹೆಸರಿನಿಂದಲೇ ಗುರುತಿಸಿ ತನ್ನ ಪ್ರವಾಸ ಗ್ರಂಥದಲ್ಲಿ ವರ್ಣಿಸಿದ್ದಾನೆ. 1893ರಲ್ಲಿ ಭಾರತದ ಕೃಷಿಯ ಮೇಲೆ ವರದಿ ಕೊಟ್ಟ ವೋಲ್ಕರ್ ಎಂಬ ರಸಾಯನ ಶಾಸ್ತ್ರಜ್ಞನೂ ನಮ್ಮ ರೈತನ ಉಪಕರಣಗಳು ಆತನ ಸ್ಥಿತಿಗತಿಗಳಿಗೆ ಒಪ್ಪುವಂಥವೇ ಎಂಬ ಅಭಿಪ್ರಾಯಪಟ್ಟ.

ಆದ್ದರಿಂದ ಹಳೆಯದೆಲ್ಲ ಬಂಗಾರ ಎಂದುಬಿಡೋಣವೆ? ಇಲ್ಲಿ ನಾವು ಸ್ವಲ್ಪ ಎಚ್ಚರದಿಂದಿರಬೇಕು. ಹಳೆಯ ಉಪಕರಣ ಉಳಿದುಕೊಂಡಿತೆಂದರೆ ಅದಕ್ಕೆ ಕಾರಣ ಯಾವಾಗಲೂ ಪ್ರೀತಿಯೇ ಆಗಿರುವುದಿಲ್ಲ. ಇದನ್ನು ಕಲಿಸಲು ಮಸ್ಕಿಗಿಂತ ಒಳ್ಳೆಯ ಶಾಲೆ ಬೇರೊಂದಿಲ್ಲ. ಮಸ್ಕಿ ಎಂದೊಡನೆ ನಮಗೆ ನೆನಪಾಗುವುದು 1915ರಲ್ಲಿ ಬೀಡನ್ ಎಂಬ ಚಿನ್ನದ ಗಣಿಯ ಎಂಜಿನಿಯರ ಕಣ್ಣಿಗೆ ಬಿದ್ದ ಶಾಸನ. ದೇವಾನಾಂಪ್ರಿಯನೆಂಬ ಬಿರುದಿನ ಜೊತೆಗೆ ಅಶೋಕನೆಂಬ ಹೆಸರೂ ಅದರಲ್ಲಿದ್ದು ಚರಿತ್ರೆಯ ದೊಡ್ಡ ಸಂದೇಹವೊಂದು ತೀರಿತು. ಆದರೆ ಅಶೋಕನಿಗಿಂತ ಬಹು ಹಿಂದೆಯೇ ಅಲ್ಲಿ ಜನ ಬಾಳಿದ್ದರು. 1954ರಲ್ಲಿ ಬಿ. ಕೆ. ಥಾಪರ್ ಅವರು ಅಲ್ಲಿ ನಡೆಸಿದ ಉತ್ಖನನದ ಕೆಳಗಿನ ಪದರಗಳಲ್ಲಿ ತಾಮ್ರ ಬಲು ವಿರಳ, ಕಲ್ಲಿನ ಸಣ್ಣ ಅಲಗುಗಳು ಹೇರಳ. ಅದರ ಮೇಲಿನ ಬೃಹತ್ ಶಿಲಾಸಮಾಧಿಯ ಕಾಲದ ಪದರದಲ್ಲಿ ಕಬ್ಬಿಣ ಬರುತ್ತದೆ. ಲಿಂಗಸುಗೂರು ತಾಲ್ಲೂಕಿನಲ್ಲೇ, ಮುದಗಲ್ಲಿನ ಬಳಿಯ ಪಿಕ್ಲಿಹಾಳದಲ್ಲಿ ಎಫ್. ಆರ್. ಆಲ್ಚಿನ್ ಅವರು ಅಗೆದು 1960ರಲ್ಲಿ ಪ್ರಕಟಿಸಿದ ವರದಿಯಿಂದ, ದನಗಾಹಿಗಳಾದ ನವಶಿಲಾಯುಗದ ಜನ ನಯಗೊಳಿಸಿದ ಕಲ್ಲುಕೊಡಲಿಗಳನ್ನು ಬಳಸುತ್ತಿದ್ದುದು ತಿಳಿಯುತ್ತದೆ. ಕರಿಕಲ್ಲನ್ನು ಚಕ್ಕೆಯೆಬ್ಬಿಸಿ, ಕುಟ್ಟಿ, ತೇಯ್ದು, ಹೊಳಪು ಕೊಟ್ಟು ಮಾಡುವ ಆ ಕೊಡಲಿಗೆ ಎಷ್ಟು ದಿನಗಳ ತಾಳ್ಮೆ ಬೇಕಾಗಿದ್ದೀತು! ಆದರೂ ತಾಮ್ರ ಕಣ್ಣಿಗೆ ಬಿದ್ದ ಮೇಲೆ ಕಲ್ಲನ್ನೇ ಹಿಡಿದುಕೊಂಡಿದ್ದ ಆ ಜನರದು ರಸಿಕತೆಯೆಂದು ನಾನು ಹೇಳಲಾರೆ. ತಾಮ್ರ ಅಪರೂಪ, ಕಲ್ಲು ಮನೆಯ ಬಾಗಿಲಲ್ಲಿ. ಅದು ಅನಿವಾರ್ಯ.

ಅನಿವಾರ್ಯದ ಹಾಗೆಯೇ ಅಂಜಿಕೆಯೂ ಒಂದು ಕಾರಣ. 20ನೆಯ ಶತಮಾನದ ಮೊದಲ ವರ್ಷಗಳಲ್ಲಿ ಬೆಳಗಾವಿಯ ಲಕ್ಷ್ಮಣರಾವ್ ಕಿರ್ಲೋಸ್ಕರರು ಕಬ್ಬಿಣದ ನೇಗಿಲು ಮಾಡಿದಾಗ, ಕಬ್ಬಿಣ ತಾಗಿದರೆ ಭೂಮಿಗೆ ವಿಷವೇರುತ್ತದೆಂಬ ನಂಬಿಕೆ ಅದಕ್ಕೆ ಅಡ್ಡ ಬಂತು. ಮೊದಲ ನೇಗಿಲುಗಳು ಮಾರಾಟವಾಗದೆ ಉಳಿದವು. ಅನುಭವ ಆ ಅಂಜಿಕೆಯನ್ನು ಕಳೆಯಿತು.

ಹೀಗೆ ಅನಿವಾರ್ಯ, ಅಂಜಿಕೆ, ಪ್ರೀತಿ ಎಂಬ ಮೂರು ಕಾರಣಗಳಿಂದ ಹಳೆಯ ಉಪಕರಣ ಉಳಿಯುತ್ತದೆ. ಗಾಲ್ಫಿನವನದು ಶುದ್ಧ ಪ್ರೀತಿ. ಪಂದ್ಯ ಸೋತರೂ ಆತನ ರಾತ್ರಿಯ ಊಟಕ್ಕೆ ತೊಂದರೆಯಿಲ್ಲ. ಕೂರಿಗೆಯ ಸಂಗತಿಯಲ್ಲಿ ಮೂರೂ ಬೆರೆತಿವೆ. ನಮ್ಮ ಮೂರು ಊರುಗಳ ಕಥೆಯ ತೊಡಕೆಲ್ಲ ಇಲ್ಲಿದೆ.

1953ರಲ್ಲಿ ತುಂಗಭದ್ರೆಯ ಅಣೆಕಟ್ಟಿನ ನೀರು ಹರಿಯತೊಡಗಿದ ಮೇಲೆ ಎಡದಂಡೆ ಕಾಲುವೆ ಸಿಂಧನೂರಿನ ಮುಖವನ್ನೇ ಬದಲಿಸಿತು. ಜೋಳದ ಹೊಲ ಗದ್ದೆಯಾಯಿತು. ಆಂಧ್ರದ ಕಡೆಯಿಂದ ಬಂದು ನೆಲೆಸಿದವರ ಕ್ಯಾಂಪುಗಳು ಎದ್ದವು. ಸಸಿ ಕಿತ್ತು ನೆಡುವ ಭತ್ತದ ಒಕ್ಕಲುತನದಲ್ಲಿ ಕೂರಿಗೆಗೆ ಕೆಲಸವೇನು? ಅದು ದನದ ಕೊಟ್ಟಿಗೆಯ ಅಟ್ಟವನ್ನೇರಿತು. ಕಾಲುವೆಯ ನೀರು ಮುಟ್ಟದ ಮಸ್ಕಿ, ಲಿಂಗಸುಗೂರಿನ ಒಣಹೊಲಗಳಲ್ಲಿ ಅದು ಇನ್ನಷ್ಟು ಕಾಲ ನಡೆದಾಡಿತು. ಅಲ್ಲಿಯೂ ಈಗ ಟ್ರ್ಯಾಕ್ಟರಿನ ಕೂರಿಗೆ ಬಂದಿದೆ. ಬೀಜವನ್ನು ಅದು ತಾನೇ ಅಳೆದು ಬಿಡುತ್ತದೆ. ಹಸಿ ಆರುವ ಮೊದಲೇ ಎಕರೆಗಟ್ಟಲೆ ಬಿತ್ತಿ ಮುಗಿಸುತ್ತದೆ. ವರ್ಷವೆಲ್ಲ ಮೇವು ಹಾಕಿ ಒಂದು ಜೋಡಿ ಎತ್ತು ಸಾಕುವುದು ಸಣ್ಣ ಹಿಡುವಳಿಯವನಿಗೆ ಇಂದು ನಿಲುಕದ ಮಾತು. ಆತ ಕೂರಿಗೆಯನ್ನು ಬಿಟ್ಟದ್ದಕ್ಕೆ ಆತನನ್ನು ದೂರುವ ಹಕ್ಕು ನಮಗಿಲ್ಲ. ನಸುಕಿನಿಂದ ಬೈಗಿನವರೆಗೆ ಎತ್ತಿನ ಹಿಂದೆ ಉಡಿಭಾರ ಹೊತ್ತು ನಡೆದ ಹೆಂಗಸಿನ ಕಾಲಿಗೆ ಬಿಡುವು ಸಿಕ್ಕಿದ್ದರೆ, ಅದಕ್ಕೆ ಸಂತೋಷಪಡದವನು ಮನುಷ್ಯನೇ ಅಲ್ಲ.

ಆದರೂ ಒಂದು ಮಾತು ನನ್ನನ್ನು ಕಾಡುತ್ತದೆ. ಟ್ರ್ಯಾಕ್ಟರಿನ ಅನುಕೂಲವನ್ನೆಲ್ಲ ಒಪ್ಪಿಕೊಂಡ ಹಿರಿಯರೇ, ಬಿತ್ತಿದ್ದು ಕೈಗೆ ತಿಳಿಯುವುದಿಲ್ಲ ಎಂದು ಕೊನೆಗೊಮ್ಮೆ ಹೇಳದೆ ಬಿಡುವುದಿಲ್ಲ. ಇದು ಗಾಲ್ಫಿನವನ ಮಾತೇ ತಾನೆ? ಆದರೆ ಇಬ್ಬರ ನಡುವೆ ಒಂದು ಅಂತರವಿದೆ. ಹಿಕರಿಯ ಕೋಲಿಗೆ ಸಂಘಗಳಿವೆ, ಸಂಗ್ರಾಹಕರಿದ್ದಾರೆ, ಅದನ್ನು ಮತ್ತೆ ಮಾಡುವ ಕುಶಲಕರ್ಮಿಗಳಿದ್ದಾರೆ. ಬಿಡುವುದಕ್ಕೂ ಹಿಡಿಯುವುದಕ್ಕೂ ಸ್ವಾತಂತ್ರ್ಯವಿದ್ದವರ ಪ್ರೀತಿ ಉಪಕರಣವನ್ನು ಕಾಪಾಡಿತು. ಕೂರಿಗೆಯನ್ನು ಪ್ರೀತಿಸಿದವರಿಗೆ ಆ ಸ್ವಾತಂತ್ರ್ಯ ಇರಲಿಲ್ಲ. ಅವರು ಅದನ್ನು ಹಿಡಿದದ್ದೂ ಬದುಕಿಗಾಗಿ, ಬಿಟ್ಟದ್ದೂ ಬದುಕಿಗಾಗಿ. ಹೀಗಾಗಿ ಅವರ ಪ್ರೀತಿ ಎಲ್ಲಿಯೂ ದಾಖಲಾಗದೆ ಹೋಗುತ್ತಿದೆ.

ಈ ನಡುವೆ ಕಾಲುವೆಯ ಕೊನೆಯ ಭಾಗಕ್ಕೆ ನೀರು ಸಾಲದಾದಾಗ ಒಂದು ವಿಚಿತ್ರ ನಡೆಯಿತು. ಸಸಿ ನೆಡುವ ಬದಲು ಒಣನೆಲದಲ್ಲೇ ಸಾಲಾಗಿ ಭತ್ತ ಬಿತ್ತಿರಿ, ನೀರು ಕಡಿಮೆ ಸಾಕು ಎಂದು ರಾಯಚೂರಿನ ಕೃಷಿ ವಿಜ್ಞಾನಿಗಳು ಹೇಳತೊಡಗಿದರು. ಆ ಪದ್ಧತಿಗೆ ಬಂದ ಹೆಸರು ‘ಕೂರಿಗೆ ಭತ್ತ’. ಎಳೆಯುವುದು ಟ್ರ್ಯಾಕ್ಟರು, ಬೀಜ ಬಿಡುವುದು ಯಂತ್ರ. ಹೆಸರು ಮಾತ್ರ ಅಜ್ಜನ ಕಾಲದ್ದು. ಕೂರಿಗೆಯ ಹಿಂದಿದ್ದ ತತ್ತ್ವ ಹಳತಾಗಲಿಲ್ಲವೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕಿಲ್ಲ.

ತತ್ತ್ವ ಉಳಿಯಿತು, ಹೆಸರು ಉಳಿಯಿತು. ಮರದ ಕೂರಿಗೆಯೂ ಅಲ್ಲೊಂದು ಇಲ್ಲೊಂದು ವಸ್ತುಸಂಗ್ರಹಾಲಯದಲ್ಲಿ ಉಳಿದೀತು. ಉಳಿಯದೆ ಹೋಗುವುದು ಕೈ. ಮಸ್ಕಿಯ ಕಲ್ಲಿನ ಅಲಗು ನಮ್ಮ ಮುಂದಿದೆ. ಅದನ್ನು ಎಬ್ಬಿಸಿದ ಬೆರಳು ಎಷ್ಟು ಓರೆಯಾಗಿ, ಎಷ್ಟು ಬಲದಿಂದ ಪೆಟ್ಟು ಹಾಕಿತೆಂಬುದನ್ನು ವಿದ್ವಾಂಸರು ಈಗ ಪ್ರಯೋಗ ಮಾಡಿ ಊಹಿಸಬೇಕಾಗಿದೆ. ಬಟ್ಟಲಿಗೆ ಬೀಜ ಬಿಟ್ಟ ಮುಷ್ಟಿಯ ವಿಷಯದಲ್ಲಿ ಊಹೆಯ ಅಗತ್ಯ ಇನ್ನೂ ಬಂದಿಲ್ಲ. ಆ ಕೈಗಳು ಇನ್ನೂ ಇವೆ. ನಮ್ಮ ಹಳ್ಳಿಗಳ ಕಟ್ಟೆಗಳ ಮೇಲೆ, ಅಡಿಗೆಮನೆಗಳಲ್ಲಿ, ಸಂತೆಗಳಲ್ಲಿ ಇವೆ. ಹಿಡಿ ಜೋಳ ಅವರ ಕೈಗೆ ಕೊಟ್ಟು, ಹೇಗೆ ಬಿಡುತ್ತಿದ್ದಿರಿ ತಾಯಿ ಎಂದು ಕೇಳಿ, ಹೇಳಿದ್ದನ್ನು ಬರೆದುಕೊಳ್ಳುವಷ್ಟು ಪುರುಸೊತ್ತು ಅಕ್ಷರ ಬಲ್ಲ ನಮಗೆ ಇರಬೇಕು.