ಕಡಲಾಚೆಯ ಓದು: ಆರಿಸಿದವರು ಯಾರು, ಆರಿಸಿದ್ದು ಹೇಗೆ?

ಶಾಲೆಯ ಸುವರ್ಣ ಮಹೋತ್ಸವದ ಸಂಚಿಕೆಗೆ ಇತಿಹಾಸಕ್ಕೆ ಸಂಬಂಧಿಸಿದ ಲೇಖನವೊಂದನ್ನು ಬರೆದುಕೊಡಬೇಕೆಂದು ಸಂಪಾದಕ ಮಂಡಳಿಯವರು ಕೇಳಿದರು. ಇದೇ ಶಾಲೆಯಲ್ಲಿ ಸಮಾಜ ವಿಜ್ಞಾನ ಕಲಿಸಿ ನಿವೃತ್ತನಾದ ನಾನು ಭಟ್ಕಳದ ಬಂದರಿನ ಬಗ್ಗೆಯೋ ಕೇತಪೈ ನಾರಾಯಣ ದೇವಾಲಯದ ಶಿಲ್ಪದ ಬಗ್ಗೆಯೋ ಬರೆಯುತ್ತೇನೆಂದು ಅವರು ಎಣಿಸಿರಬಹುದು. ಆದರೆ ಈಚಿನ ವರ್ಷಗಳಲ್ಲಿ ಹಳೆಯ ವಿದ್ಯಾರ್ಥಿಗಳು ನನ್ನನ್ನು ಕೇಳುವ ಪ್ರಶ್ನೆ ಬೇರೆ. "ಸರ್, ಹೊರದೇಶಕ್ಕೆ ಹೋಗಿ ಎಂ.ಎಸ್. ಮಾಡಬೇಕು ಅಂತಿದ್ದೇನೆ. ಯಾವ ಯುನಿವರ್ಸಿಟಿ ಒಳ್ಳೆಯದು?" ಇದಕ್ಕೆ ಉತ್ತರ ಹೇಳಲು ನಾನು ಹೊರದೇಶದಲ್ಲಿ ಓದಿದವನಲ್ಲ. ಆದರೆ ಇತಿಹಾಸದ ಮೇಷ್ಟರಿಗೆ ಒಂದು ಅನುಕೂಲವಿದೆ. ನಮಗಿಂತ ಮೊದಲು ಈ ದಾರಿಯಲ್ಲಿ ನಡೆದವರು ಏನು ಮಾಡಿದರು ಎಂದು ನೋಡಬಹುದು. ಈ ಲೇಖನ ಅಂಥದೊಂದು ಪ್ರಯತ್ನ.

ಕಡಲು ದಾಟುವುದು ನಮ್ಮ ಸೀಮೆಗೆ ಹೊಸತಲ್ಲ. ವಿಜಯನಗರದ ಕಾಲದಲ್ಲಿ ಭಟ್ಕಳ ಪಶ್ಚಿಮ ಕರಾವಳಿಯ ದೊಡ್ಡ ಬಂದರುಗಳಲ್ಲಿ ಒಂದು. ಅರಬ್ಬೀ ಕುದುರೆಗಳು ಇಲ್ಲಿ ಇಳಿಯುತ್ತಿದ್ದವು. ಘಟ್ಟದ ಕಾಳುಮೆಣಸು ಇಲ್ಲಿಂದ ಹೊರಡುತ್ತಿತ್ತು. ವ್ಯಾಪಾರಕ್ಕೆ ತೆರೆದಿದ್ದ ಕಡಲು ವಿದ್ಯೆಗೆ ತೆರೆದುಕೊಳ್ಳಲು ಮಾತ್ರ ಬಹುಕಾಲ ಹಿಡಿಯಿತು. 1862ರಲ್ಲಿ ಉತ್ತರ ಕನ್ನಡ ಜಿಲ್ಲೆ ಮದರಾಸು ಪ್ರಾಂತದಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. ಅಂದಿನಿಂದ ಕಾಲೇಜು ಎಂದರೆ ನಮ್ಮವರಿಗೆ ಮುಂಬಯಿ, ಪುಣೆ. 1917ರಲ್ಲಿ ಕರ್ನಾಟಕ ಕಾಲೇಜು ಆರಂಭವಾದ ಮೇಲೆ ಧಾರವಾಡ. ನಮ್ಮ ದಕ್ಷಿಣಕ್ಕಿರುವ ಬೈಂದೂರು, ಕುಂದಾಪುರದವರು ಮದರಾಸಿನ ಕಡೆ ನೋಡಬೇಕಿತ್ತು. ಮಳೆಗಾಲದಲ್ಲಿ ಕರಾವಳಿಯ ಹಡಗು ಸಂಚಾರ ನಿಂತುಹೋಗುತ್ತಿದ್ದ ಆ ದಿನಗಳಲ್ಲಿ ಮುಂಬಯಿಯೇ ಒಂದು ಪರದೇಶ.

ವಿಲಾಯತಿಗೆ ಹೋಗುವವನಿಗೆ ದೂರ ಮಾತ್ರವಲ್ಲ, ಸಮಾಜದ ಕಟ್ಟೂ ಅಡ್ಡ ಬರುತ್ತಿತ್ತು. ಗಾಂಧೀಜಿಯವರ ಉದಾಹರಣೆ ಎಲ್ಲರಿಗೂ ಗೊತ್ತಿರುವುದೇ. 1888ರಲ್ಲಿ ಮುಂಬಯಿಯಲ್ಲಿ ಅವರ ಜಾತಿಯ ಮುಖಂಡರು ಸಭೆ ಸೇರಿ ಅವರನ್ನು ಬಹಿಷ್ಕರಿಸಿದರು. ಬೀಳ್ಕೊಡಲು ಹೋದವರಿಗೆ ಒಂದು ರೂಪಾಯಿ ನಾಲ್ಕಾಣೆ ದಂಡವೆಂದರು. ನಮ್ಮ ಕರಾವಳಿಯ ಸಾರಸ್ವತ ಸಮಾಜಗಳಲ್ಲೂ ಸಮುದ್ರಯಾನ ಮಾಡಿ ಬಂದವರನ್ನು ಸೇರಿಸಿಕೊಳ್ಳಬೇಕೇ ಬೇಡವೇ ಎಂಬ ವಾದ ಆ ಕಾಲದಲ್ಲಿ ಜೋರಾಗಿಯೇ ನಡೆಯಿತು.

ಗಾಂಧೀಜಿ ಲಂಡನ್ನನ್ನು ಆರಿಸಿಕೊಂಡದ್ದು ಹೇಗೆಂದು ಅವರ ಆತ್ಮಕಥೆಯಲ್ಲಿದೆ. ಭಾವನಗರದ ಕಾಲೇಜಿನಲ್ಲಿ ಬಿ.ಎ. ಮುಗಿಸಲು ನಾಲ್ಕೈದು ವರ್ಷ ಬೇಕು, ಅದರಿಂದ ಸಿಗುವುದು ಹೆಚ್ಚೆಂದರೆ ಅರವತ್ತು ರೂಪಾಯಿಯ ನೌಕರಿ. ಲಂಡನ್ನಿನಲ್ಲಿ ಮೂರು ವರ್ಷಕ್ಕೆ ಬ್ಯಾರಿಸ್ಟರ್ ಆಗಬಹುದು, ಖರ್ಚು ನಾಲ್ಕೈದು ಸಾವಿರ ರೂಪಾಯಿ. ಕುಟುಂಬದ ಹಿತೈಷಿಯೊಬ್ಬರು ಹಾಕಿಕೊಟ್ಟ ಲೆಕ್ಕ ಇದು. ಅಂದರೆ 18 ವರ್ಷದ ಹುಡುಗನ ಆಯ್ಕೆಯ ಹಿಂದೆ ಇದ್ದುದು ಮನೆಯವರ ಲೆಕ್ಕಾಚಾರ: ಎಷ್ಟು ವರ್ಷ, ಎಷ್ಟು ಹಣ, ಬಂದ ಮೇಲೆ ಏನು? ಈ ಮೂರು ಪ್ರಶ್ನೆಗಳು ಇಂದಿಗೂ ಬದಲಾಗಿಲ್ಲ.

ಇನ್ನು ಕೆಲವರ ವಿಶ್ವವಿದ್ಯಾಲಯವನ್ನು ಆರಿಸಿದ್ದು ಸಾಮ್ರಾಜ್ಯದ ನಿಯಮ. ಐ.ಸಿ.ಎಸ್. ಪರೀಕ್ಷೆ 1922ರವರೆಗೆ ಲಂಡನ್ನಿನಲ್ಲಿ ಮಾತ್ರ ನಡೆಯುತ್ತಿತ್ತು. ಹಾಗಾಗಿ ದೊಡ್ಡ ಅಧಿಕಾರಿಯಾಗಬೇಕೆಂದವನು ಇಂಗ್ಲೆಂಡಿಗೆ ಹೋಗಲೇಬೇಕು. ಮಂಗಳೂರಿನ ಬೆನಗಲ್ ನರಸಿಂಗ ರಾವ್ ಮದರಾಸಿನಲ್ಲಿ ಓದಿ, ವಿದ್ಯಾರ್ಥಿವೇತನ ಪಡೆದು ಕೇಂಬ್ರಿಜ್‌ನ ಟ್ರಿನಿಟಿ ಕಾಲೇಜು ಸೇರಿ, ಐ.ಸಿ.ಎಸ್. ಆಗಿ ಬಂದರು. ಮುಂದೆ ನಮ್ಮ ಸಂವಿಧಾನ ಸಭೆಗೆ ಸಲಹೆಗಾರರಾದ ಬಿ. ಎನ್. ರಾವ್ ಇವರೇ. ನಮ್ಮ ತಾಲೂಕಿನ ಶಿರಾಲಿಯಲ್ಲಿರುವ ಚಿತ್ರಾಪುರ ಮಠದ ಶಿಷ್ಯ ಸಮಾಜಕ್ಕೆ ಸೇರಿದ ಮನೆತನ ಅವರದು. ಮೈಸೂರು ಸಂಸ್ಥಾನದ ದಾರಿ ಸ್ವಲ್ಪ ಬೇರೆ. ಅದು ತನಗೆ ಬೇಕಾದ ವಿದ್ಯೆಗೆ ತನ್ನ ಹುಡುಗರನ್ನು ಕಳಿಸಿತು. ಟಿ. ಪಿ. ಕೈಲಾಸಂ ಲಂಡನ್ನಿಗೆ ಹೋದದ್ದು ಸಂಸ್ಥಾನದ ವಿದ್ಯಾರ್ಥಿವೇತನದ ಮೇಲೆ, ಭೂಗರ್ಭಶಾಸ್ತ್ರ ಓದಲು. ಕಲ್ಲು, ಖನಿಜ ಕಲಿಯಲು ಹೋದವರು ಅಲ್ಲಿಯ ರಂಗಭೂಮಿಯನ್ನೂ ಕಣ್ತುಂಬ ನೋಡಿಕೊಂಡು ಬಂದು ಕನ್ನಡ ನಾಟಕದ ದಿಕ್ಕು ಬದಲಿಸಿದರು. ಎಲ್ಲರೂ ಇಂಗ್ಲೆಂಡಿಗೇ ಹೋದರೆಂದಲ್ಲ. ಸೇವಾದಳ ಕಟ್ಟಿದ ಡಾ. ನಾ. ಸು. ಹರ್ಡೀಕರರು ಸಾರ್ವಜನಿಕ ಆರೋಗ್ಯ ಶಾಸ್ತ್ರ ಓದಲು ಅಮೆರಿಕದ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು; ಅಲ್ಲಿ ಲಾಲಾ ಲಜಪತ ರಾಯರ ಜೊತೆ ಸೇರಿ ಸ್ವರಾಜ್ಯದ ಪ್ರಚಾರವನ್ನೂ ಮಾಡಿದರು.

ಈ ಹೆಸರುಗಳನ್ನು ತರಗತಿಯಲ್ಲಿ ಹೇಳುವಾಗಲೆಲ್ಲ ನನಗೆ ಒಂದು ಮಾತು ಕಾಡುತ್ತಿತ್ತು. ಇವರಲ್ಲಿ ಹೆಚ್ಚಿನವರು ಮನೆಯಲ್ಲಿ ಮೊದಲೇ ಅಕ್ಷರವಿದ್ದವರು. ತಂದೆ ವೈದ್ಯರೋ ನ್ಯಾಯಾಧೀಶರೋ ದಿವಾನರೋ ಆಗಿದ್ದವರು. ನನ್ನ ಮುಂದೆ ಬೆಂಚಿನ ಮೇಲೆ ಕುಳಿತವರು ಮೀನುಗಾರರ, ಕೂಲಿಯವರ, ಮಲ್ಲಿಗೆ ಕಟ್ಟಿ ಮಾರುವವರ ಮಕ್ಕಳು. ಅವರ ಪಾಲಿಗೆ ಈ ಇತಿಹಾಸದಲ್ಲಿ ಏನಿದೆ? ಇದಕ್ಕೆ ಉತ್ತರವಾಗಿ ನಾನು ಪ್ರತಿವರ್ಷ ಹೇಳುತ್ತಿದ್ದುದು ಡಾ. ಬಿ. ಆರ್. ಅಂಬೇಡ್ಕರರ ವಿದ್ಯಾಭ್ಯಾಸದ ಕಥೆ.

1913ರಲ್ಲಿ ಅಂಬೇಡ್ಕರರು ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಹೊರಟಾಗ ಅವರ ಕೈಯಲ್ಲಿದ್ದುದು ಬರೋಡಾದ ಮಹಾರಾಜ ಸಯಾಜಿರಾವ್ ಗಾಯಕವಾಡರು ಕೊಟ್ಟ ವಿದ್ಯಾರ್ಥಿವೇತನ: ತಿಂಗಳಿಗೆ ಹನ್ನೊಂದೂವರೆ ಪೌಂಡ್, ಮೂರು ವರ್ಷಕ್ಕೆ. ಓದು ಮುಗಿದ ಮೇಲೆ ಹತ್ತು ವರ್ಷ ಸಂಸ್ಥಾನದ ಸೇವೆ ಮಾಡಬೇಕೆಂಬ ಕರಾರಿಗೆ ಸಹಿ ಹಾಕಿ ಹೊರಟಿದ್ದರು. 1915ರಲ್ಲಿ ಎಂ.ಎ. ಪಡೆದು, 1916ರಲ್ಲಿ ಲಂಡನ್ ಸ್ಕೂಲ್ ಆಫ್ ಎಕನಾಮಿಕ್ಸ್ ಸೇರಿದರು. 1917ರಲ್ಲಿ ವಿದ್ಯಾರ್ಥಿವೇತನದ ಅವಧಿ ತೀರಿತು. ಓದನ್ನು ಅರ್ಧಕ್ಕೆ ಬಿಟ್ಟು ಮರಳಬೇಕಾಯಿತು. ಬರೋಡಾದಲ್ಲಿ ಅಸ್ಪೃಶ್ಯನೆಂಬ ಕಾರಣಕ್ಕೆ ಇರಲು ಮನೆ ಸಿಗಲಿಲ್ಲ. ಮುಂಬಯಿಯ ಸಿಡೆನ್‌ಹ್ಯಾಂ ಕಾಲೇಜಿನಲ್ಲಿ ಪಾಠ ಹೇಳಿ, ಸಂಬಳದಲ್ಲಿ ಉಳಿಸಿ, ಕೊಲ್ಹಾಪುರದ ಶಾಹು ಮಹಾರಾಜರ ನೆರವು ಪಡೆದು, ಸ್ನೇಹಿತರಿಂದ ಸಾಲ ತಂದು 1920ರಲ್ಲಿ ಮತ್ತೆ ಲಂಡನ್ನಿಗೆ ಹೋದರು. 1923ರಲ್ಲಿ ಡಿ.ಎಸ್‌ಸಿ. ಪದವಿ ಪಡೆದರು. ವಿಷಯ ರೂಪಾಯಿಯ ಸಮಸ್ಯೆ.

ಇಲ್ಲಿ ಎರಡು ಸಂಗತಿಗಳಿವೆ. ಹಣ ನಿಂತಲ್ಲಿ ಓದೂ ನಿಂತಿತು. ಆದರೆ ಏನು ಓದಬೇಕೆಂಬುದು ಅವರಿಗೆ ಸ್ಪಷ್ಟವಾಗಿದ್ದುದರಿಂದ, ಮೂರು ವರ್ಷ ಕಳೆದರೂ ಅದೇ ಊರಿಗೆ, ಅದೇ ಸಂಸ್ಥೆಗೆ ಹಿಂತಿರುಗಿದರು. ಸ್ವತಂತ್ರ ಭಾರತದಲ್ಲಿ ಈ ಅನುಭವ ವ್ಯರ್ಥವಾಗಲಿಲ್ಲ. ಪರಿಶಿಷ್ಟರಿಗಾಗಿ ಕೇಂದ್ರ ಸರ್ಕಾರದ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ 1954-55ರಲ್ಲೇ ಆರಂಭವಾಯಿತು. ಒಬ್ಬ ಮಹಾರಾಜನ ಔದಾರ್ಯವಾಗಿದ್ದುದು ಪ್ರಜೆಯ ಹಕ್ಕಿನ ರೂಪ ತಾಳಿತು.

ಸ್ವಾತಂತ್ರ್ಯದ ಹೊತ್ತಿಗೆ ಹೆಣ್ಣುಮಕ್ಕಳಿಗೂ ಈ ದಾರಿ ತೆರೆಯಿತು. ನಂಜನಗೂಡಿನಲ್ಲಿ 1922ರಲ್ಲಿ ಹುಟ್ಟಿದ ರಾಜೇಶ್ವರಿ ಚಟರ್ಜಿ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಗಣಿತ ಓದಿದವರು. 1947ರಲ್ಲಿ ಸರ್ಕಾರದ ವಿದ್ಯಾರ್ಥಿವೇತನದ ಮೇಲೆ ಹಡಗು ಹತ್ತಿ ಮಿಷಿಗನ್ ವಿಶ್ವವಿದ್ಯಾಲಯಕ್ಕೆ ಹೋದರು. ಅಲ್ಲಿ ಏಷ್ಯಾದ ಹೆಣ್ಣುಮಕ್ಕಳಿಗಾಗಿಯೇ ಬಾರ್ಬರ್ ವಿದ್ಯಾರ್ಥಿವೇತನ 1917ರಿಂದಲೂ ಇತ್ತು. ಮುಂದಿನ ಓದಿಗೆ ಅದೂ ಒದಗಿತು. 1953ರಲ್ಲಿ ಡಾಕ್ಟರೇಟ್ ಪಡೆದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಅಧ್ಯಾಪಕಿಯಾಗಿ ಮರಳಿ, ಮೈಕ್ರೋವೇವ್ ತಂತ್ರಜ್ಞಾನದ ಬೋಧನೆಗೂ ಸಂಶೋಧನೆಗೂ ಅಲ್ಲಿ ಅಡಿಪಾಯ ಹಾಕಿದವರಲ್ಲಿ ಒಬ್ಬರಾದರು. ತನ್ನಂಥವಳಿಗೆ ಎಲ್ಲಿ ಜಾಗವಿದೆ, ಎಲ್ಲಿ ಆಸರೆಯಿದೆ ಎಂದು ನೋಡಿ ಹೋಗುವುದೂ ಆಯ್ಕೆಯ ಒಂದು ಬಗೆ.

ಗುರುವನ್ನು ನೋಡಿ ಹೋದವರೂ ಇದ್ದಾರೆ. ಮೈಸೂರಿನ ಎಂ. ಎನ್. ಶ್ರೀನಿವಾಸರು ಮುಂಬಯಿಯಲ್ಲಿ ಡಾಕ್ಟರೇಟ್ ಮುಗಿಸಿದ್ದರೂ 1945ರಲ್ಲಿ ಆಕ್ಸ್‌ಫರ್ಡಿಗೆ ಹೋದರು. ಅಲ್ಲಿ ರ್‍ಯಾಡ್‌ಕ್ಲಿಫ್-ಬ್ರೌನ್, ಆಮೇಲೆ ಇವಾನ್ಸ್-ಪ್ರಿಚರ್ಡ್ ಎಂಬ ಇಬ್ಬರು ದೊಡ್ಡ ಮಾನವಶಾಸ್ತ್ರಜ್ಞರು ಅವರಿಗೆ ಗುರುಗಳಾದರು. ಕೊಡವರ ಬಗ್ಗೆ ಮೊದಲೇ ಕೂಡಿಹಾಕಿದ್ದ ಮಾಹಿತಿಯನ್ನು ಹೊಸ ಕಣ್ಣಿನಿಂದ ನೋಡುವುದನ್ನು ಅಲ್ಲಿ ಕಲಿತರು. 1952ರಲ್ಲಿ ಬಂದ ಅವರ ಕೊಡವರ ಕುರಿತ ಗ್ರಂಥ ಭಾರತದ ಸಮಾಜಶಾಸ್ತ್ರಕ್ಕೆ ತಳಪಾಯದಂತಿದೆ. ಬೆಳಗಾವಿಯಲ್ಲಿ ಇಂಗ್ಲಿಷ್ ಕಲಿಸಿದ್ದ ಎ. ಕೆ. ರಾಮಾನುಜನ್ 1959ರಲ್ಲಿ ಫುಲ್‌ಬ್ರೈಟ್ ಸಹಾಯದಿಂದ ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಭಾಷಾಶಾಸ್ತ್ರ ಓದಲು ಹೋದರು. ಇಂಡಿಯಾನಾ ಎಂಬ ಹೆಸರು ಆಗ ನಮ್ಮ ಎಷ್ಟು ಜನರಿಗೆ ಗೊತ್ತಿದ್ದೀತು? ಹೆಸರಿಗಿಂತ ಅಲ್ಲಿ ಕಲಿಯಲು ಏನಿದೆ ಎನ್ನುವುದು ಮುಖ್ಯವಾಗಿತ್ತು.

ನಮ್ಮ ಜಿಲ್ಲೆಗೆ ಬರೋಣ. ಶಿರಸಿಯಲ್ಲಿ ಶಾಲೆ ಕಲಿತ ಗಿರೀಶ ಕಾರ್ನಾಡರು ಧಾರವಾಡದ ಕರ್ನಾಟಕ ಕಾಲೇಜಿನಲ್ಲಿ ಗಣಿತ, ಸಂಖ್ಯಾಶಾಸ್ತ್ರ ತೆಗೆದುಕೊಂಡರು. ಸಾಹಿತ್ಯ ಪ್ರೀತಿಸುವ ಹುಡುಗ ಗಣಿತ ಹಿಡಿದದ್ದೇಕೆ? ಅದರಲ್ಲಿ ಹೆಚ್ಚು ಅಂಕ ತೆಗೆಯಬಹುದು, ಅಂಕ ಬಂದರೆ ಹೊರದೇಶದ ವಿದ್ಯಾರ್ಥಿವೇತನ ಸಿಗಬಹುದು ಎಂಬ ಯೋಚನೆಯಿತ್ತೆಂದು ಅವರೇ ಹೇಳಿಕೊಂಡಿದ್ದಾರೆ. ಲೆಕ್ಕ ತಪ್ಪಲಿಲ್ಲ. 1960ರಲ್ಲಿ ರೋಡ್ಸ್ ವಿದ್ಯಾರ್ಥಿಯಾಗಿ ಆಕ್ಸ್‌ಫರ್ಡ್ ಸೇರಿದರು. ರೋಡ್ಸ್ ವೇತನ ಸಿಗುವುದೇ ಆಕ್ಸ್‌ಫರ್ಡಿನಲ್ಲಿ ಓದಲು. ಅಲ್ಲಿ ವೇತನವೇ ವಿಶ್ವವಿದ್ಯಾಲಯವನ್ನು ಆರಿಸಿಕೊಡುತ್ತದೆ. ಹೊರಡುವ ಮೊದಲು ಬರೆದ 'ಯಯಾತಿ' 1961ರಲ್ಲಿ ಧಾರವಾಡದ ಮನೋಹರ ಗ್ರಂಥಮಾಲೆಯಿಂದ ಪ್ರಕಟವಾಯಿತು.

ಕುಮಟಾ ತಾಲೂಕಿನ ಹನೇಹಳ್ಳಿಯ ಯಶವಂತ ಚಿತ್ತಾಲರು ಇನ್ನೂ ನಮ್ಮ ಮಕ್ಕಳಿಗೆ ಹತ್ತಿರದವರು. ಕುಮಟೆಯ ಗಿಬ್ ಹೈಸ್ಕೂಲಿನಲ್ಲಿ ಓದಿ, ಮುಂಬಯಿಯಲ್ಲಿ ರಾಸಾಯನಿಕ ತಂತ್ರಜ್ಞಾನ ಕಲಿತು, ಆಮೇಲೆ ಅಮೆರಿಕದ ನ್ಯೂಜೆರ್ಸಿಯ ಸ್ಟೀವನ್ಸ್ ಇನ್‌ಸ್ಟಿಟ್ಯೂಟ್ ಆಫ್ ಟೆಕ್ನಾಲಜಿಯಲ್ಲಿ ಸ್ನಾತಕೋತ್ತರ ಪದವಿ ಪಡೆದರು. ಮುಂಬಯಿಗೆ ಮರಳಿ ಪ್ಲಾಸ್ಟಿಕ್ ಉದ್ಯಮದಲ್ಲಿ ದುಡಿಯುತ್ತಲೇ ಕಥೆ, ಕಾದಂಬರಿ ಬರೆದರು. ಅವರ ಕಥೆಗಳು ಮತ್ತೆ ಮತ್ತೆ ಹೊರಳಿದ್ದು ಹನೇಹಳ್ಳಿಗೇ. ಯು. ಆರ್. ಅನಂತಮೂರ್ತಿಯವರೂ ಕಾಮನ್‌ವೆಲ್ತ್ ವಿದ್ಯಾರ್ಥಿವೇತನದ ಮೇಲೆ ಬರ್ಮಿಂಗ್‌ಹ್ಯಾಮಿನಲ್ಲಿ ಸಂಶೋಧನೆ ಮಾಡುತ್ತಿದ್ದಾಗ ಬರೆದದ್ದು ತಮ್ಮ ಮಲೆನಾಡಿನ ಅಗ್ರಹಾರದ ಕಥೆಯನ್ನು, 'ಸಂಸ್ಕಾರ'ವನ್ನು. ಕನ್ನಡ ಮಾಧ್ಯಮದಲ್ಲಿ ಓದಿದ್ದೇವೆಂದು ಹಿಂಜರಿಯುವ ನಮ್ಮ ಮಕ್ಕಳು ಇದನ್ನು ನೆನಪಿಡಬೇಕು. ಇಂಗ್ಲಿಷ್ ಕಲಿಯಲೇಬೇಕು, ಅದರಲ್ಲಿ ಎರಡು ಮಾತಿಲ್ಲ. ಆದರೆ ಕನ್ನಡ ಯಾರ ಕಾಲಿಗೂ ತೊಡಕಾಗಲಿಲ್ಲ.

ಈಗ ಕಾಲ ತಿರುಗಿದೆ. ಅಂದು ವಿದ್ಯಾರ್ಥಿಗಳು ವಿಶ್ವವಿದ್ಯಾಲಯವನ್ನು ಹುಡುಕಿಕೊಂಡು ಹೋಗುತ್ತಿದ್ದರು; ಇಂದು ವಿದ್ಯಾರ್ಥಿಗಳನ್ನು ಹುಡುಕಿಕೊಂಡು ಏಜೆಂಟರು ಬರುತ್ತಾರೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಇಂಥವರ ಮಾತು ನಂಬಿ, ತೋಟದ ಪಹಣಿ ಬ್ಯಾಂಕಿಗೆ ಕೊಟ್ಟು ಸಾಲ ತೆಗೆದು ಹೋದ. ಅವನು ಸೇರಿದ ಕಾಲೇಜಿನ ಹೆಸರು ಆ ಊರಿನವರಿಗೇ ಸರಿಯಾಗಿ ಗೊತ್ತಿರಲಿಲ್ಲ. ಓದಿಗಿಂತ ಅಂಗಡಿಯಲ್ಲಿ ದುಡಿದ ಗಂಟೆಗಳೇ ಹೆಚ್ಚಾದವು. ಸಾಲದ ಕಂತು ಮಾತ್ರ ಇಲ್ಲಿ ಅವನ ತಂದೆಯ ಹೆಸರಿಗೆ ತಪ್ಪದೆ ಬರುತ್ತಿತ್ತು. 2022ರಲ್ಲಿ ಉಕ್ರೇನಿನಲ್ಲಿ ಯುದ್ಧ ಶುರುವಾದಾಗ ಕರ್ನಾಟಕದ ನೂರಾರು ವೈದ್ಯಕೀಯ ವಿದ್ಯಾರ್ಥಿಗಳು ಅಲ್ಲಿ ಸಿಕ್ಕಿಕೊಂಡದ್ದನ್ನು ನಾವೆಲ್ಲ ಟಿ.ವಿ.ಯಲ್ಲಿ ಕಂಡೆವು. ಇಲ್ಲಿ ಖಾಸಗಿ ವೈದ್ಯಕೀಯ ಸೀಟಿನ ಶುಲ್ಕ ಕಟ್ಟಲಾಗದ ಮನೆಗಳ ಮಕ್ಕಳೇ ಅವರಲ್ಲಿ ಬಹಳ.

ಹಾಗಾದರೆ ಇತಿಹಾಸ ಹೇಳುವುದೇನು? ವಿಶ್ವವಿದ್ಯಾಲಯದ ಹೆಸರು ಕೊನೆಗೆ ಬರಲಿ. ಮೊದಲು ಏನು ಕಲಿಯಬೇಕು, ಅದನ್ನು ಚೆನ್ನಾಗಿ ಕಲಿಸುವವರು ಎಲ್ಲಿದ್ದಾರೆ ಎಂದು ನೋಡಿ. ಆಮೇಲೆ ಯಾರ ಹಣ, ಯಾವ ಷರತ್ತು ಎಂದು ಕೇಳಿ. ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನಕ್ಕೆ ಪದವಿಯಲ್ಲಿ ಕನಿಷ್ಠ ಶೇ. 60 ಅಂಕ ಬೇಕು, ವಯಸ್ಸು 35 ಮೀರಿರಬಾರದು. ಫುಲ್‌ಬ್ರೈಟ್, ಕಾಮನ್‌ವೆಲ್ತ್, ರೋಡ್ಸ್ ವೇತನಗಳು ಇಂದಿಗೂ ಇವೆ. 1892ರಲ್ಲಿ ಜಮ್‌ಷೆಟ್‌ಜಿ ಟಾಟಾ ಸ್ಥಾಪಿಸಿದ ನಿಧಿ ಇಂದಿಗೂ ಓದುವವರಿಗೆ ಸಾಲ ಕೊಡುತ್ತದೆ. ಜರ್ಮನಿಯ ಬಹುಪಾಲು ಸರ್ಕಾರಿ ವಿಶ್ವವಿದ್ಯಾಲಯಗಳಲ್ಲಿ ಬೋಧನಾ ಶುಲ್ಕವೇ ಇಲ್ಲ. ಅಲ್ಲಿರುವ ಖರ್ಚನ್ನು ಮಾತ್ರ ಮೊದಲೇ ತೋರಿಸಬೇಕು. ಕೊನೆಯದಾಗಿ, ಆ ಪದವಿಗೆ ಇಲ್ಲಿ ಬೆಲೆ ಇದೆಯೇ ಎಂದು ವಿಚಾರಿಸಿ. ಹೊರದೇಶದ ವೈದ್ಯಕೀಯ ಪದವಿಯಾದರೆ 2021ರ ನಿಯಮದಂತೆ ಕನಿಷ್ಠ 54 ತಿಂಗಳ ಓದು, ಇಂಗ್ಲಿಷ್ ಮಾಧ್ಯಮ, ಅಲ್ಲೇ 12 ತಿಂಗಳ ಇಂಟರ್ನ್‌ಶಿಪ್ ಆಗಿರಬೇಕು. ಬಂದ ಮೇಲೆ ಇಲ್ಲಿಯ ಪರೀಕ್ಷೆಯನ್ನೂ ಪಾಸು ಮಾಡಬೇಕು. ಸೇರುವ ಮೊದಲು ತಿಳಿದುಕೊಳ್ಳಬೇಕಾದ ಮಾತುಗಳಿವು.

ಐವತ್ತು ವರ್ಷ ಈ ಶಾಲೆ ಶುಲ್ಕ ಕಟ್ಟಲಾಗದ ಮನೆಗಳ ಮಕ್ಕಳಿಗೆ ಅಕ್ಷರ ಕೊಟ್ಟಿದೆ. ಅಂಬೇಡ್ಕರರು ಅರ್ಧಕ್ಕೆ ಬಿಟ್ಟ ಓದಿಗೆ ಮರಳಲು ಮೂರು ವರ್ಷ ಕಾದರು. ನಮ್ಮ ಮಕ್ಕಳು ಒಂದು ಅರ್ಜಿಗೆ ಒಂದು ವರ್ಷ ಕಾಯಬಹುದು. ಅವರಿಗೆ ನನ್ನ ಮಾತು ಇಷ್ಟೆ: ತೋಟದ ಪಹಣಿಗೆ ಕೈ ಹಾಕುವ ಮೊದಲು ವಿದ್ಯಾರ್ಥಿವೇತನದ ಪ್ರಕಟಣೆಗಳನ್ನು ಓದಿ, ಅರ್ಜಿ ಹಾಕಿ. ಅದು ದಾನವಲ್ಲ, ನಿಮಗಾಗಿ ಇಟ್ಟ ಪಾಲು. ಸುವರ್ಣ ಮಹೋತ್ಸವದ ಈ ಹೊತ್ತಿನಲ್ಲಿ ನಮ್ಮ ಹಳೆಯ ವಿದ್ಯಾರ್ಥಿ ಸಂಘವು ಅಂಥ ಪ್ರಕಟಣೆಗಳನ್ನು ಕನ್ನಡದಲ್ಲಿ ಬರೆದು ಶಾಲೆಯ ಸೂಚನಾ ಫಲಕಕ್ಕೆ ಹಚ್ಚುವ ಕೆಲಸ ಕೈಗೆತ್ತಿಕೊಂಡರೆ, ಮುಂದಿನ ಐವತ್ತು ವರ್ಷದ ಸಂಚಿಕೆಯಲ್ಲಿ ಬರೆಯಲು ಮುಟ್ಟಳ್ಳಿಯ ಹೆಸರುಗಳೇ ಸಿಗುತ್ತವೆ.