ಏಲ್ ಮಾಡುತ್ತಿದ್ದ ಹೆಂಗಸರ ಊರು

ಹೆಂಡದಂಗಡಿಯ ಹೊಸ್ತಿಲು ತುಳಿಯುವುದಿಲ್ಲವೆಂದು ನಾನು ಹತ್ತನೆಯ ವಯಸ್ಸಿನಲ್ಲೇ ತೀರ್ಮಾನಿಸಿದ್ದೆ. ಸಂಬಳದ ದಿನ ಅಪ್ಪನ ಅಂಗಿಯಿಂದ ಬರುತ್ತಿದ್ದ ವಾಸನೆ, ಆಮೇಲೆ ಅಮ್ಮ ಅಡುಗೆಮನೆಯ ಕದ ಹಾಕಿಕೊಳ್ಳುತ್ತಿದ್ದ ಸದ್ದು, ಇವೆರಡೇ ಸಾಕಾಗಿದ್ದವು. ಹಾಗಿರುವಾಗ 2023ರ ಮೇ ತಿಂಗಳಲ್ಲಿ ಇಂಗ್ಲೆಂಡಿನಲ್ಲಿರುವ ಮಗಳು, "ಅಮ್ಮಾ, ನಾಳೆ ಸಮುದ್ರದ ದಂಡೆಯಲ್ಲಿ ನಡೆಯೋಣ, ದಾರಿಯಲ್ಲಿ ಒಂದೆರಡು ಪಬ್ ನೋಡೋಣ" ಎಂದಾಗ ನನ್ನ ಮುಖ ಹೇಗಾಗಿರಬೇಕು, ನೀವೇ ಊಹಿಸಿಕೊಳ್ಳಿ.

ಸಫೋಕ್ ಕರಾವಳಿಯ ಸೌತ್‌ವೋಲ್ಡ್‌ನಿಂದ ಹೊರಟೆವು. ಮನೆಗಳ ನಡುವೆಯೇ ಬಿಳಿಯ ದೀಪಸ್ತಂಭ ನಿಂತಿರುವ ಸಣ್ಣ ಊರು. ಬಿ.ಎ.ಯಲ್ಲಿ ನಾವು ಓದಿದ 'ಅನಿಮಲ್ ಫಾರ್ಮ್' ಬರೆದ ಆರ್ವೆಲ್‌ನ ತಂದೆತಾಯಿ ಇಲ್ಲಿದ್ದರು. ಬಿಹಾರದ ಮೋತಿಹಾರಿಯಲ್ಲಿ ಹುಟ್ಟಿದ ಆತ 1946ರಲ್ಲಿ ತನ್ನ ಕನಸಿನ ಪಬ್ಬಿನ ಬಗೆಗೇ ಒಂದು ಪ್ರಬಂಧ ಬರೆದನಂತೆ. ಆಡ್ನಮ್ಸ್ ಎಂಬ ಮದ್ಯ ತಯಾರಿಕೆಯವರ ಪೀಪಾಯಿಗಳನ್ನು 2006ರವರೆಗೂ ಇಲ್ಲಿ ಕುದುರೆಗಾಡಿಗಳು ಹೊರುತ್ತಿದ್ದವು.

ದೀಪಸ್ತಂಭದ ಬುಡದ ಪಬ್ಬಿನ ಹೊರಗೆ ನಾನು ನಿಂತೇ ಬಿಟ್ಟೆ. "ಬಾಮ್ಮ, ಯಾರೂ ನಿನ್ನನ್ನು ನೋಡೋಲ್ಲ" ಎಂದು ಮಗಳು ಕೈ ಹಿಡಿದಳು. ಒಳಗೆ ಒಬ್ಬ ಅಜ್ಜಿ ನಾಯಿಯನ್ನು ಕಾಲ ಬಳಿ ಮಲಗಿಸಿಕೊಂಡು ಸೂಪು ಕುಡಿಯುತ್ತಿದ್ದರು. ನಾನು ಚಹಾ ಹೇಳಿದೆ.

ಮಗಳು ತೆಗೆದುಕೊಂಡದ್ದು 'ರಿಯಲ್ ಏಲ್'. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯಿಂದ ಮಾಡಿದ್ದು. ನೆಲಮಾಳಿಗೆಯ ಪೀಪಾಯಿಯೊಳಗೂ ಯೀಸ್ಟ್ ಜೀವಂತವಾಗಿದ್ದು ಅದು ಹುದುಗುತ್ತಲೇ ಇರುತ್ತದೆ. ಹೊರಗಿನಿಂದ ಗ್ಯಾಸ್ ತುಂಬುವುದಿಲ್ಲ, ಕೈಪಂಪಿನಿಂದ ಎಳೆದು ಕೊಡುತ್ತಾರೆ. ರಾತ್ರಿ ರುಬ್ಬಿಟ್ಟ ಇಡ್ಲಿ ಹಿಟ್ಟಿನ ಲೆಕ್ಕಾಚಾರವೇ, ಒಂದು ದಿನ ಹೆಚ್ಚಾದರೆ ಕೆಟ್ಟಿತು. ದೊಡ್ಡ ಕಂಪನಿಗಳು ಸೋಸಿ, ಕಾಯಿಸಿ, ಗ್ಯಾಸ್ ತುಂಬಿದ ಬಿಯರನ್ನು ಎಲ್ಲೆಡೆ ಹರಡತೊಡಗಿದಾಗ, 1971ರಲ್ಲಿ ನಾಲ್ವರು ಗಂಡಸರು ಇದನ್ನು ಉಳಿಸಲು ಚಳವಳಿ ಹೂಡಿದರು.

ಗಂಡಸರು ಉಳಿಸಿದರು, ಸರಿ. ಮೊದಲು ಮಾಡುತ್ತಿದ್ದವರು ಯಾರು? ಹೆಂಗಸರು! 14ನೇ ಶತಮಾನದಲ್ಲಿ ಸೌತ್‌ವೋಲ್ಡ್‌ನಲ್ಲಿ ಜೊಹಾನ ಡಿ ಕೋರ್ಬಿ ಎಂಬಾಕೆ ಏಲ್ ಮಾಡುತ್ತಿದ್ದ ದಾಖಲೆಯಿದೆ. ಆಗಿನ ಏಲ್ ಕೆಲವೇ ದಿನ ಬಾಳುತ್ತಿತ್ತು. ಮನೆಗೆ ಮಾಡಿ ಮಿಕ್ಕಿದ್ದನ್ನು, ಬಾಗಿಲ ಮುಂದೆ ಸೊಪ್ಪು ಕಟ್ಟಿದ ಕೋಲು ನಿಲ್ಲಿಸಿ, ಹೆಂಡತಿಯರೂ ವಿಧವೆಯರೂ ಮಾರುತ್ತಿದ್ದರು. ಅವರ ಹೆಸರುಗಳು ಇಂದಿಗೆ ಸಿಗುವುದು ಹೆಚ್ಚಾಗಿ ದಂಡದ ಪಟ್ಟಿಗಳಲ್ಲಿ. ಅಳತೆ, ಬೆಲೆ ತಪ್ಪಿದರೆಂದು ಹಾಕಿದ ಆ ದಂಡ ಎಷ್ಟೋ ಕಡೆ ಪರವಾನಗಿ ಶುಲ್ಕದಂತೆಯೇ ಆಗಿತ್ತು.

15ನೇ ಶತಮಾನದ ಹೊತ್ತಿಗೆ ಸಮುದ್ರದಾಚೆಯಿಂದ ಬಂದ ಹಾಪ್ಸ್ ಹೂವು ಬಳಕೆಗೆ ಬಂತು. ಅದು ಬಿದ್ದರೆ ಬಿಯರ್ ಕೆಡದೆ ನಿಲ್ಲುತ್ತದೆ, ಹಡಗಿಗೂ ಸೈನ್ಯಕ್ಕೂ ಕಳಿಸಬಹುದು. ಅದಕ್ಕೆ ದೊಡ್ಡ ಹಂಡೆ ಬೇಕು, ಸಾಲ ಬೇಕು, ಸಂಘದಲ್ಲಿ ಸ್ಥಾನ ಬೇಕು. ಹಂಡೆಯೊಂದಿದ್ದವಳಿಗೆ ಇವ್ಯಾವುವೂ ದಕ್ಕಲಿಲ್ಲ. ಲಡ್ಲೋ ಊರಿನ ಚರ್ಚಿನಲ್ಲಿ, ಮೋಸದ ಅಳತೆಯವಳನ್ನು ದೆವ್ವವೊಂದು ನರಕಕ್ಕೆ ಹೊತ್ತೊಯ್ಯುವ ಮರದ ಕೆತ್ತನೆಯಿದೆ. ಮೋಸ ಮಾಡಿದ ಗಂಡಸರು ಇರಲೇ ಇಲ್ಲವೆ?

ಬ್ಲೈತ್ ನದಿಯನ್ನು ಹುಟ್ಟುಹಾಕುವ ಸಣ್ಣ ದೋಣಿಯಲ್ಲಿ ದಾಟಿ ವಾಲ್ಬರ್ಸ್‌ವಿಕ್‌ಗೆ ಬಂದೆವು. ದೋಣಿ ನಡೆಸುತ್ತಿದ್ದವಳೂ ಹೆಂಗಸೇ. ಅಲ್ಲಿನ ಬೆಲ್ ಪಬ್ಬಿಗೆ ಆರುನೂರು ವರ್ಷ ಎನ್ನುತ್ತಾರೆ. ಸವೆದ ಕಲ್ಲುಹಾಸಿನ ನೆಲ ನೋಡಿದರೆ ನಂಬಬಹುದು.

ಮುಂದೆ ಜೊಂಡಿನ ಜೌಗು ಭೂಮಿ, ಕಾಲಡಿಗೆ ಜಾರುವ ಬೆಣಚುಕಲ್ಲು. ಕೊನೆಗೆ ಡನ್‌ವಿಚ್. ಒಂದು ಕಾಲದ ದೊಡ್ಡ ಬಂದರು. 1286ರ ಬಿರುಗಾಳಿ ಊರನ್ನು ಕಚ್ಚಿತು, 1328ರದು ಬಂದರಿನ ಬಾಯಿಯನ್ನೇ ಮುಚ್ಚಿತು. ಅಳಿದುಳಿದ ಬೆರಳೆಣಿಕೆಯ ಮನೆಗಳಿಂದ 1832ರವರೆಗೂ ಪಾರ್ಲಿಮೆಂಟಿಗೆ ಇಬ್ಬರು ಸದಸ್ಯರು ಹೋಗುತ್ತಿದ್ದರು! 20ನೇ ಶತಮಾನದ ಆರಂಭದಲ್ಲಿ ಆಲ್ ಸೇಂಟ್ಸ್ ಚರ್ಚು ತುಂಡುತುಂಡಾಗಿ ಸಮುದ್ರಕ್ಕುರುಳಿತು. ಕಡಲಡಿಯ ಗಂಟೆ ಕೇಳಿಸುತ್ತದೆಂಬ ಕತೆಯಿದೆ. ನನಗೆ ಗಾಳಿಯಷ್ಟೇ ಕೇಳಿಸಿತು.

ಅಲ್ಲಿನ ಶಿಪ್ ಪಬ್ಬಿನಲ್ಲಿ ಮಗಳು ಲೋಟವನ್ನು ನನ್ನತ್ತ ಸರಿಸಿದಳು. ಕುಡಿಯಲಿಲ್ಲ, ಮೂಸಿದೆ. ಹುಳಿಬಂದ ಹಿಟ್ಟಿನ ವಾಸನೆ. ಅಪ್ಪನ ಅಂಗಿಯದಲ್ಲ.

ರಾತ್ರಿ ಅಮ್ಮ ಫೋನಿನಲ್ಲಿ, "ಎಲ್ಲಿಗೆ ಹೋಗಿದ್ರೇ?" ಅಂದರು. "ಸಮುದ್ರ ನೋಡಕ್ಕೆ, ಅಮ್ಮಾ" ಅಂದೆ. ಜೊಹಾನಳ ವಿಷಯ ನಾಲಗೆಯ ತುದಿಗೆ ಬಂದಿತ್ತು. ಹೇಳಲಿಲ್ಲ.